ಪ್ಯಾಂಟ್ ಉದ್ದ ಆದದ್ದಲ್ಲ: ಕ್ರೋನ್ಸ್ ಇರುವ ಒಬ್ಬ ಹೋಟೆಲ್ ಅಣ್ಣನ ಬೆನ್ನುಮೂಳೆ ಪ್ರಕರಣ

"ಡಾಕ್ಟ್ರೆ, ಇವ್ರ ಪ್ಯಾಂಟೆಲ್ಲ ಉದ್ದ ಆಯ್ತ್, ನೆಲಕ್ಕೆ ತಾಗತ್ತ್, ಸಪೂರ ಆದದ್ದಕ್ಕಾ?" ಅಂತ ಹೋಟೆಲ್ ಅಣ್ಣನ ಹೆಂಡತಿ, ಅಂದ್ರೆ ಅತ್ತಿಗೆ, ಕೇಳಿದ್ದು 2024ರ ಫೆಬ್ರವರಿಯಲ್ಲಿ, ಡೊಂಬಿವ್ಲಿಯ ನನ್ನ ಕ್ಲಿನಿಕ್ಕಲ್ಲಿ, ಅದೂ ಇಬ್ಬರೂ ಹೊರಡ್ಲಿಕ್ಕೆ ಎದ್ದು ನಿಂತ ಮೇಲೆ. ಸಪೂರ ಆದ್ರೆ ಪ್ಯಾಂಟ್ ಸೊಂಟದಲ್ಲಿ ಸಡಿಲ ಆಗ್ತದೆ, ಉದ್ದ ಆಗೋದಿಲ್ಲ ಅಲ್ವಾ. ವಾಪಸ್ ಕರೆದು ಚಪ್ಪಲಿ ಬಿಚ್ಚಿಸಿ ಗೋಡೆಗೆ ನಿಲ್ಲಿಸಿ ಅಳೆದೆ, 168 ಸೆಂಟಿಮೀಟರ್. ಅವರ ಫೈಲ್‌ನಲ್ಲಿ 2017ರ ಒಂದು ಡಿಸ್ಚಾರ್ಜ್ ಪೇಪರ್ ಉಂಟು, ಅದ್ರಲ್ಲಿ 172 ಅಂತ ಬರೆದಿದ್ರು. 44 ವರ್ಷದ ಗಂಡಸು ಏಳು ವರ್ಷದಲ್ಲಿ ನಾಲ್ಕು ಸೆಂಟಿಮೀಟರ್ ಕಮ್ಮಿ ಆಗಿದ್ದಾರೆ, ಮತ್ತೆ ಎಂಟು ತಿಂಗಳಿಂದ ಬೆನ್ನು ನೋವು ಅಂತ ಹೇಳ್ತಾ ಇದ್ದಾರೆ, ಇವೆರಡನ್ನೂ ಯಾರೂ ಒಟ್ಟಿಗೆ ಇಟ್ಟು ನೋಡಿರಲಿಲ್ಲ. ಆ ಯಾರೂ ಅನ್ನೋದ್ರಲ್ಲಿ ನಾನೂ ಇದ್ದೇನೆ, ಅದನ್ನ ಮುಂದೆ ಹೇಳ್ತೇನೆ.

ಅವರ ಒಪ್ಪಿಗೆ ತಗೊಂಡೇ ಬರೀತಿದ್ದೇನೆ, ಗುರುತು ಸಿಗುವ ವಿವರ ತೆಗೆದಿದ್ದೇನೆ. ಹೋಟೆಲಲ್ಲಿ ಎಲ್ರೂ ಅವರನ್ನ ಅಣ್ಣ ಅನ್ನೋದು, ನಾನೂ ಇಲ್ಲಿ ಹಾಗೇ ಕರೀತೇನೆ. ಊರು ಕುಂದಾಪುರ ಕಡೆ, ಹದಿನಾರನೇ ವರ್ಷಕ್ಕೆ ಮುಂಬೈಗೆ ಬಂದು ಕಪ್ಪು ಬಸಿ ತೊಳೆಯೋದ್ರಿಂದ ಶುರು ಮಾಡಿ ಈಗ ಒಂದು ಸಣ್ಣ ಇಡ್ಲಿ ದೋಸೆ ಹೋಟೆಲ್ ಪಾರ್ಟ್‌ನರ್‌ಶಿಪ್‌ನಲ್ಲಿ ನಡೆಸ್ತಾರೆ. ಬೆಳಿಗ್ಗೆ ನಾಲ್ಕೂವರೆಗೆ ಭಟ್ಟಿ ಹತ್ತಿಸೋದು, ರಾತ್ರಿ ಹನ್ನೊಂದಕ್ಕೆ ಗಲ್ಲಾ ಮುಚ್ಚೋದು. ಬಿಸಿಲು ಅಂದ್ರೆ ಅವರಿಗೆ ಶಟರ್ ಆಚೆ ಕಾಣುವ ವಸ್ತು ಅಷ್ಟೇ.

ಕಾಯಿಲೆ ಶುರು ಆದದ್ದು 2016ರಲ್ಲಿ. ಹೊಟ್ಟೆ ನೋವು, ಭೇದಿ, ಸಂಜೆ ಜ್ವರ, ತೂಕ ಇಳಿಯೋದು. ನಮ್ಮ ದೇಶದಲ್ಲಿ ಅದರಲ್ಲೂ ಮುಂಬೈಯಲ್ಲಿ ಹೀಗೆ ಬಂದ್ರೆ ಮೊದಲು ಕರುಳಿನ ಟಿಬಿ ಅಂತ್ಲೇ ಯೋಚಿಸ್ತೇವೆ, ಅದು ತಪ್ಪಲ್ಲ, ಸ್ಕೋಪಲ್ಲಿ ನೋಡಿದ್ರೂ ಬಯಾಪ್ಸಿಯಲ್ಲಿ ನೋಡಿದ್ರೂ ಟಿಬಿ ಮತ್ತೆ ಕ್ರೋನ್ಸ್ (ಕರುಳಿಗೆ ಉರಿಯೂತ ಬಂದು ವರ್ಷಗಟ್ಟಲೆ ಕಾಡುವ ಕಾಯಿಲೆ) ಎರಡೂ ಅಣ್ಣತಮ್ಮಂದಿರ ಹಾಗೆ ಕಾಣ್ತಾವೆ. ಆರು ತಿಂಗಳು ಟಿಬಿ ಔಷಧ ಆಯ್ತು, ಗುಣ ಕಾಣಲಿಲ್ಲ, 2017ರಲ್ಲಿ ಮತ್ತೆ ಕೊಲನೋಸ್ಕೋಪಿ ಮಾಡಿ ಸಣ್ಣ ಕರುಳಿನ ಕೊನೆ ಭಾಗದ ಕ್ರೋನ್ಸ್ ಅಂತ ಗಟ್ಟಿ ಆಯ್ತು. ಇಲ್ಲೇ ಒಂದು ವಿಷಯ ಹೇಳಬೇಕು, ಟಿಬಿಗೆ ಕೊಡುವ ರಿಫಾಂಪಿಸಿನ್ ಲಿವರ್‌ನಲ್ಲಿ ವಿಟಮಿನ್ ಡಿ ಬೇಗ ಬೇಗ ಖರ್ಚಾಗುವ ಹಾಗೆ ಮಾಡ್ತದೆ. ಅಂದ್ರೆ ಕ್ರೋನ್ಸ್ ಅಂತ ಹೆಸರು ಬೀಳುವ ಮುಂಚೆಯೇ ಮೂಳೆಯ ಲೆಕ್ಕದಲ್ಲಿ ಸಾಲ ಶುರು ಆಗಿತ್ತು. 2019ರಲ್ಲಿ ಕರುಳು ಸಪೂರ ಆಗಿ ಬ್ಲಾಕ್ ಆಗಿ ಆಪರೇಷನ್, ಸುಮಾರು 40 ಸೆಂಟಿಮೀಟರ್ ಇಲಿಯಮ್, ಅಂದ್ರೆ ಸಣ್ಣ ಕರುಳಿನ ಕೊನೆ ಭಾಗ, ತೆಗೆದ್ರು. ಪಿತ್ತದ ಲವಣ ವಾಪಸ್ ಹೀರಿಕೊಳ್ಳುವ ಜಾಗವೇ ಅದು, ಅದು ಹೋದ್ರೆ ಕೊಬ್ಬು ಸರಿ ಜೀರ್ಣ ಆಗೋದಿಲ್ಲ, ಕೊಬ್ಬಿನ ಜೊತೆ ಬರುವ ವಿಟಮಿನ್ ಡಿ ಕೂಡ ಹಾಗೇ ಹೊರಗೆ ಹೋಗ್ತದೆ. ಆಮೇಲೆ ಲಾಕ್‌ಡೌನ್, ಊರಿಗೆ ಹೋದ್ರು, ಕ್ರೋನ್ಸ್ ಹಿಡಿತದಲ್ಲಿ ಇಡುವ ಅಝಥಯೋಪ್ರಿನ್ ಗುಳಿಗೆ ಬಿಟ್ಟು ಹೋಯ್ತು, ಫಾಲೋಅಪ್ ತಪ್ಪಿತು.

ಈಗ 2023ಕ್ಕೆ ಬರುವ, ಈ ಕೇಸಿನ ಜೀವ ಅಲ್ಲಿ ಉಂಟು.

ಮಾರ್ಚ್‌ನಲ್ಲಿ ಭೇದಿ ಜೋರಾಗಿ ಗ್ಯಾಸ್ಟ್ರೋ ಡಾಕ್ಟ್ರು ಪ್ರೆಡ್ನಿಸೊಲೋನ್ ಅನ್ನುವ ಸ್ಟೆರಾಯ್ಡ್ ಗುಳಿಗೆ ಶುರು ಮಾಡಿದ್ರು, 40 ಎಂಜಿ ಎರಡು ವಾರ, ಆಮೇಲೆ ವಾರಕ್ಕೆ 5 ಎಂಜಿ ಇಳಿಸ್ತಾ ಹೋಗೋದು, ಸಾಮಾನ್ಯ ಕೋರ್ಸ್. ಒಂದೇ ವಾರದಲ್ಲಿ ಹಸಿವು ಬಂತು, ಹುಷಾರಾದ್ರು. ಜೂನ್‌ನಲ್ಲಿ ಇಡ್ಲಿ ಹಿಟ್ಟಿನ ಟೋಪು ಎತ್ತುವಾಗ ಬೆನ್ನಿನಲ್ಲಿ ಪಟ್ ಅಂದ ಹಾಗಾಯ್ತು. ಒಬ್ಬ ಮೂಳೆ ಡಾಕ್ಟ್ರ ಹತ್ರ ಹೋದ್ರೆ ವಯಸ್ಸು 43, ಗಂಡಸು, ಭಾರ ಎತ್ತುವ ಕೆಲಸ, ಮಸಲ್ ಹಿಡ್ಕೊಂಡಿದೆ ಅಂತ ಹೇಳಿ ಐದು ದಿನ ಡೈಕ್ಲೋಫೆನಾಕ್ ಇಂಜೆಕ್ಷನ್, ಮೇಲಿಂದ ಹದಿನೈದು ದಿನ ಗುಳಿಗೆ ಕೊಟ್ರು. ಎಕ್ಸ್‌ರೇ ಇಲ್ಲ. ಕರುಳಿನ ಕಾಯಿಲೆ ಇರುವವರಿಗೆ ಈ ಜಾತಿಯ ನೋವಿನ ಗುಳಿಗೆ ಕಾಯಿಲೆಯನ್ನ ಕೆರಳಿಸಬಹುದು, ಇವರಿಗೂ ಜುಲೈಯಲ್ಲಿ ಮತ್ತೆ ದಿನಕ್ಕೆ ಎಂಟು ಹತ್ತು ಸಲ ಭೇದಿ. ಗ್ಯಾಸ್ಟ್ರೋ ಡಾಕ್ಟ್ರ ಅಪಾಯಿಂಟ್‌ಮೆಂಟ್‌ಗೆ ಮೂರು ವಾರ ಇತ್ತು, ನನ್ನ ಹತ್ರ ಬಂದ್ರು, ನಾನು ಮೊದಲಿನ ಚೀಟಿ ನೋಡಿ ಅದೇ ಕೋರ್ಸ್ ಬರೆದೆ. ಆ ದಿನದ ನನ್ನ ಕೇಸ್ ಪೇಪರ್ ಈಗಲೂ ಇದೆ, ಅದ್ರ ಮೂಲೆಯಲ್ಲಿ ನನ್ನದೇ ಕೈಬರಹದಲ್ಲಿ ಬೆನ್ನು ನೋವು ಅಂತ ಎರಡೇ ಶಬ್ದ ಉಂಟು. ಮುಟ್ಟಿ ನೋಡಿದ ಬಗ್ಗೆ ಒಂದಕ್ಷರ ಇಲ್ಲ, ಕ್ಯಾಲ್ಸಿಯಂ ವಿಟಮಿನ್ ಡಿ ಬರೆದಿಲ್ಲ, ಎತ್ತರ ಅಳೆದಿಲ್ಲ. ಅದನ್ನ ನಾನು ಮರೆತಿಲ್ಲ, ಮರೆಯೋದೂ ಬೇಡ.

ನವೆಂಬರ್‌ನಲ್ಲಿ ಮೂರನೇ ಕೋರ್ಸ್, ಅದು ಹಳೇ ಚೀಟಿ ತೋರಿಸಿ ಮೆಡಿಕಲ್‌ನಿಂದ ತಗೊಂಡದ್ದು. ಮಧ್ಯದಲ್ಲಿ ಹೊಟ್ಟೆ ಸರಿ ಇಲ್ಲ ಅನಿಸಿದಾಗಲೆಲ್ಲ ಅವರೇ ದಿನಕ್ಕೆ 10 ಎಂಜಿ ನುಂಗ್ತಿದ್ರು. "ಎಂತ ಮಾಡೂದ್ ಡಾಕ್ಟ್ರೆ, ಕೆಲ್ಸ ಬಿಡೂಕಾತ್ತಾ, ಆ ಗುಳ್ಗಿ ತಕಂಡ್ರೆ ನಿಂತ್ಕಂಬ್ಕಾತ್ತ್" ಅಂದ್ರು. ಇದನ್ನ ಅಣ್ಣನ ತಪ್ಪು ಅಂತ ನಾನು ಹೇಳ್ಲಿಕ್ಕೆ ತಯಾರಿಲ್ಲ, ದಿನಗೂಲಿ ಲೆಕ್ಕದಲ್ಲಿ ಬದುಕಿದವರಿಗೆ ಮಾರನೇ ದಿನ ನಿಲ್ಲಿಸುವ ಗುಳಿಗೆ ದೊಡ್ಡದು, ಎರಡು ವರ್ಷದ ನಂತರ ಮುರಿಯುವ ಮೂಳೆ ಕಣ್ಣಿಗೆ ಕಾಣೋದಿಲ್ಲ. ಯಾರೂ ಹೇಳಿರಲೂ ಇಲ್ಲ.

2024ರ ಜನವರಿ ಕೊನೆಗೆ ಊರಿಗೆ ಹೋಗಿ ಮತ್ಸ್ಯಗಂಧ ರೈಲಲ್ಲಿ ವಾಪಸ್ ಬರುವಾಗ ಕುಚ್ಚಲಕ್ಕಿ ಚೀಲ ಸೀಟಿನ ಕೆಳಗಿಂದ ಎಳೆದ್ರಂತೆ, ಅಲ್ಲಿಗೆ ಹೊಸ ನೋವು, ಈ ಸಲ ಉಸಿರು ಎಳೆದ್ರೂ ಕುತ್ತುವ ಹಾಗೆ. ನೋವಿನ ಸ್ವಭಾವ ವಿವರವಾಗಿ ಕೇಳಿದೆ. ನಿಂತ್ರೆ ಜಾಸ್ತಿ, ಮಲಗಿದ್ರೆ ಕಮ್ಮಿ, ಮಗ್ಗುಲು ಬದಲಿಸುವಾಗ ಜೀವ ಹೋಗ್ತದೆ. ಬೆಳಿಗ್ಗೆ ಎದ್ದಾಗ ಬಿಗಿತ ಇದ್ದು ಓಡಾಡಿದ ಮೇಲೆ ಸಡಿಲ ಆಗೋದು ಅಂತ ಇಲ್ಲ. ಈ ಪ್ರಶ್ನೆ ಯಾಕೆ ಅಂದ್ರೆ ಕ್ರೋನ್ಸ್ ಮತ್ತೆ ಅಲ್ಸರೇಟಿವ್ ಕೊಲೈಟಿಸ್ (ದೊಡ್ಡ ಕರುಳಿನ ಉರಿಯೂತದ ಕಾಯಿಲೆ) ಇರುವವರಲ್ಲಿ ಬೆನ್ನುಮೂಳೆ ಸಂಧಿಗಳ ಉರಿಯೂತವೂ ಬರ್ತದೆ, ಅದರ ನೋವು ಓಡಾಡಿದ್ರೆ ಇಳೀತದೆ, ಸುಮ್ಮನೆ ಮಲಗಿದ್ರೆ ಜಾಸ್ತಿ ಆಗ್ತದೆ. ಇವರದ್ದು ಉಲ್ಟಾ. ಬೆನ್ನಿನ ನಡುವೆ ಬೆರಳ ಗೆಣ್ಣಿಂದ ಮೆಲ್ಲ ತಟ್ಟಿದೆ, ಪಕ್ಕೆಲುಬು ಮುಗಿಯುವ ಮಟ್ಟದಲ್ಲಿ ಒಂದು ಕಡೆ ಹೌಹಾರಿದ್ರು.

ಪಕ್ಕದಿಂದ ತೆಗೆದ ಎಕ್ಸ್‌ರೇಯಲ್ಲಿ ಡಿ12, ಅಂದ್ರೆ ಎದೆ ಭಾಗದ ಹನ್ನೆರಡನೇ ಬೆನ್ನುಮೂಳೆ, ಮುಂದಿನ ಕಡೆ ಕುಸಿದು ಬೆಣೆಯ ಆಕಾರ ಆಗಿತ್ತು, ಅದರ ಕೆಳಗೆ ಸೊಂಟ ಭಾಗದ ಮೊದಲನೇದು ಎಲ್1 ಕೂಡ ಸ್ವಲ್ಪ, ಮೇಲೆ ಡಿ8ರಲ್ಲಿ ಹಳೇ ಕುಸಿತ. ಮೂರು. ಒಂದಕ್ಕೂ ಬಿದ್ದ ಇತಿಹಾಸ ಇಲ್ಲ. ನಿಂತ ಎತ್ತರದಿಂದ ಬಿದ್ದು ಅಥವಾ ಅದಕ್ಕಿಂತ ಕಮ್ಮಿ ಪೆಟ್ಟಿಗೆ ಮೂಳೆ ಮುರಿದ್ರೆ ಅದನ್ನ ದುರ್ಬಲ ಮೂಳೆಯ ಮುರಿತ ಅಂತ್ಲೇ ಲೆಕ್ಕ ಹಿಡೀಬೇಕು, ಹಿಟ್ಟಿನ ಟೋಪು ಎತ್ತಿದ್ದಕ್ಕೆ 43ರ ಗಂಡಸಿನ ಬೆನ್ನುಮೂಳೆ ಕುಸಿಯಬಾರದು. ಬೆನ್ನುಮೂಳೆ ಮುರಿತದಲ್ಲಿ ಮೂರರಲ್ಲಿ ಒಂದು ಪಾಲು ಮಾತ್ರ ಆಗಿನ ಆಗ ಗೊತ್ತಾಗೋದು, ಉಳಿದದ್ದು ಬೆನ್ನು ನೋವು, ವಯಸ್ಸು, ಗ್ಯಾಸ್ ಅಂತ ಕಳೆದು ಹೋಗ್ತದೆ. ಅಣ್ಣನ ಡಿ8 ಯಾವಾಗ ಕುಸೀತು ಅಂತ ಅವರಿಗೇ ನೆನಪಿಲ್ಲ.

ಇಲ್ಲಿ ತಕ್ಷಣ ಆಸ್ಟಿಯೋಪೊರೋಸಿಸ್, ಅಂದ್ರೆ ಮೂಳೆ ಟೊಳ್ಳಾಗುವ ಕಾಯಿಲೆ, ಅಂತ ಬರೆದು ಮುಗಿಸಬಾರದು. ಮುಂಬೈಯಲ್ಲಿ ಕೂತು, ಸ್ಟೆರಾಯ್ಡ್ ತಿಂದ, ಸಪೂರ ಆದ ಮನುಷ್ಯನ ಡಿ12 ಕುಸಿದಿದೆ ಅಂದ್ರೆ ಬೆನ್ನುಮೂಳೆಯ ಟಿಬಿ ಅಲ್ಲ ಅಂತ ಗ್ಯಾರಂಟಿ ಆಗ್ಲೇಬೇಕು, ಅದರಲ್ಲೂ ಮುಂದೆ ಕ್ರೋನ್ಸ್‌ಗೆ ಉರಿಯೂತ ತಗ್ಗಿಸುವ ಅಡಾಲಿಮುಮಾಬ್ ತರಹದ ಇಂಜೆಕ್ಷನ್ ಕೊಡುವ ಯೋಚನೆ ಇದ್ರೆ, ಅದು ಒಳಗೆ ಮಲಗಿರುವ ಟಿಬಿಯನ್ನ ಎಬ್ಬಿಸಿ ಬಿಡಬಹುದು. ಎಂಆರ್‌ಐಯಲ್ಲಿ ಡಿಸ್ಕ್ ಗಟ್ಟಿ ಇತ್ತು, ಪಕ್ಕದಲ್ಲಿ ಕೀವು ಇರಲಿಲ್ಲ, ಡಿ12 ಎಲ್1 ಒಳಗೆ ಹೊಸ ಮುರಿತದ ನೀರು ಮಾತ್ರ. ಮೈಲೋಮಾ ಅನ್ನುವ ಮೂಳೆ ಮಜ್ಜೆಯ ಕ್ಯಾನ್ಸರ್ ಅಲ್ಲ ಅಂತ ನೋಡ್ಲಿಕ್ಕೆ ರಕ್ತದ ಪ್ರೊಟೀನ್ ಪರೀಕ್ಷೆ ಮಾಡಿಸಿದೆ, ನಾರ್ಮಲ್.

ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳ್ತೇನೆ, ಇಲ್ಲಿ ತುಂಬ ಜನ ಎಡವ್ತಾರೆ. ರಿಪೋರ್ಟಲ್ಲಿ ದಪ್ಪ ಅಕ್ಷರದಲ್ಲಿ ಟಿ ಸ್ಕೋರ್ ಬರ್ತದೆ, ಅದು ಆರೋಗ್ಯವಂತ ಯುವ ವಯಸ್ಸಿನವರ ಜೊತೆ ಹೋಲಿಸಿದ್ದು, ಮೈನಸ್ 2.5 ಅಥವಾ ಅದಕ್ಕಿಂತ ಕೆಳಗೆ ಇದ್ರೆ ಆಸ್ಟಿಯೋಪೊರೋಸಿಸ್ ಅನ್ನುವ ಈ ಗೆರೆ 1994ರ ವಿಶ್ವ ಆರೋಗ್ಯ ಸಂಸ್ಥೆಯ ವರದಿಯಿಂದ ಬಂದದ್ದು, ಮುಟ್ಟು ನಿಂತ ಹೆಂಗಸರನ್ನ ಮನಸ್ಸಲ್ಲಿ ಇಟ್ಟು ಹಾಕಿದ ಗೆರೆ. ಐವತ್ತರ ಒಳಗಿನ ಗಂಡಸರಿಗೆ, ಮುಟ್ಟು ನಿಲ್ಲದ ಹೆಂಗಸರಿಗೆ ಅದೇ ವಯಸ್ಸಿನವರ ಜೊತೆ ಹೋಲಿಸುವ ಝೆಡ್ ಸ್ಕೋರ್ ನೋಡಬೇಕು, ಮೈನಸ್ 2 ಅಥವಾ ಅದಕ್ಕಿಂತ ಕಮ್ಮಿ ಇದ್ರೆ ವಯಸ್ಸಿಗೆ ಇರಬೇಕಾದದ್ದಕ್ಕಿಂತ ಕೆಳಗೆ ಅಂತ ಅರ್ಥ. ಕ್ರೋನ್ಸ್ ಬರೋದೇ ಹೆಚ್ಚಾಗಿ ಚಿಕ್ಕ ವಯಸ್ಸಲ್ಲಿ, ಹಾಗಾಗಿ ಈ ವ್ಯತ್ಯಾಸ ನಮಗೆ ದಿನಾ ಬೇಕು. ಇನ್ನೊಂದು, ಬೆನ್ನಿನ ಸ್ಕ್ಯಾನ್ ಎಲ್1ರಿಂದ ಎಲ್4 ತನಕ ನೋಡ್ತದೆ, ಕುಸಿದ ಮೂಳೆ ಒತ್ತಿಕೊಂಡು ದಪ್ಪ ಕಾಣ್ತದೆ, ಅಂದ್ರೆ ಮುರಿದ ಮೂಳೆಯೇ ರಿಪೋರ್ಟನ್ನ ಚೆಂದ ಮಾಡಿ ಬಿಡ್ತದೆ. ಸೆಂಟರಿಗೆ ಫೋನ್ ಮಾಡಿ ಎಲ್1 ಬಿಟ್ಟು ಲೆಕ್ಕ ಹಾಕಿ ಅಂತ ಹೇಳಿದೆ. ಆಗ ಬಂದ ಝೆಡ್ ಸ್ಕೋರ್ ಬೆನ್ನಿಗೆ ಮೈನಸ್ 2.9, ತೊಡೆಮೂಳೆಯ ಕುತ್ತಿಗೆಗೆ ಮೈನಸ್ 2.1.

ಇದಕ್ಕೂ ಎರಡು ವರ್ಷ ಹಿಂದೆ ಗಣಪತಿ ಮಂಡಲದ ಆರೋಗ್ಯ ಕ್ಯಾಂಪಲ್ಲಿ ಹಿಮ್ಮಡಿ ಇಟ್ಟು ಮಾಡುವ ಮೆಷಿನ್‌ನಲ್ಲಿ ಚೆಕ್ ಮಾಡಿಸಿದ್ರಂತೆ, ಸ್ವಲ್ಪ ಕಮ್ಮಿ ಇದೆ ಅಂತ ಒಂದು ಪಟ್ಟಿ ಕ್ಯಾಲ್ಸಿಯಂ ಕೊಟ್ಟು ಕಳಿಸಿದ್ರು. ಆ ಮೆಷಿನ್ ಹಿಮ್ಮಡಿಯ ಅಲ್ಟ್ರಾಸೌಂಡ್, ಡೆಕ್ಸಾದ ಗೆರೆ ಅದಕ್ಕೆ ಹೊಂದೋದಿಲ್ಲ, ಚಿಕಿತ್ಸೆ ತೀರ್ಮಾನ ಅದ್ರ ಮೇಲೆ ಮಾಡಬಾರದು. ಆದ್ರೆ ಆ ದಿನ ಯಾರಾದ್ರೂ ನಿಮಗೆ ಬೇರೆ ಕಾಯಿಲೆ ಉಂಟಾ, ಸ್ಟೆರಾಯ್ಡ್ ತಗೊಳ್ತೀರಾ ಅಂತ ಕೇಳಿದ್ರೂ ಸಾಕಿತ್ತು.

ಈಗ ರಿಸ್ಕ್ ಲೆಕ್ಕ. ಹತ್ತು ವರ್ಷದಲ್ಲಿ ಮೂಳೆ ಮುರಿಯುವ ಸಾಧ್ಯತೆ ಹೇಳುವ ಫ್ರ್ಯಾಕ್ಸ್ ಅಂತ ಒಂದು ಕ್ಯಾಲ್ಕುಲೇಟರ್ ಉಂಟು, ಇಂಗ್ಲೆಂಡಿನ ಶೆಫೀಲ್ಡ್ ವಿಶ್ವವಿದ್ಯಾಲಯದವರು ಮಾಡಿದ್ದು, 2008ರಿಂದ ಬಳಕೆಯಲ್ಲಿದೆ, ಭಾರತದ ಮಾಡೆಲ್ ಕೂಡ ಇದೆ. ಅಣ್ಣನ ವಿವರ ಎಲ್ಲ ಹಾಕಿದೆ, ಬಂದ ಶೇಕಡಾ ಒಂದಂಕಿಯಲ್ಲೇ ನಿಂತಿತು. ಮೂರು ಮೂಳೆ ಮುರಿದುಕೊಂಡು ಎದುರಿಗೆ ಕೂತಿದ್ದಾರೆ, ನಂಬರ್ ಮಾತ್ರ ಅಷ್ಟೇನೂ ಭಯ ಇಲ್ಲ ಅಂತದೆ. ಯಾಕೆ ಅಂತ ತಿಳ್ಕೊಂಡ್ರೆ ಆ ಉಪಕರಣದ ಮೇಲೆ ಬೇಜಾರು ಆಗೋದಿಲ್ಲ. ಅದ್ರಲ್ಲಿ ವಯಸ್ಸಿಗೆ ತೂಕ ಜಾಸ್ತಿ, ನಲವತ್ತರ ಒಳಗಿನವರಿಗಂತೂ ಅದು ಇಲ್ಲವೇ ಇಲ್ಲ. ಹಿಂದೆ ಮುರಿದಿದೆಯಾ ಅಂತ ಕೇಳ್ತದೆ, ಎಷ್ಟು ಅಂತ ಕೇಳೋದಿಲ್ಲ. ಸ್ಟೆರಾಯ್ಡ್ ಹೌದಾ ಅಲ್ವಾ ಅಂತ ಕೇಳ್ತದೆ, ಎಷ್ಟು ಎಂಜಿ ಅಂತ ಕೇಳೋದಿಲ್ಲ. ಬೆನ್ನಿನ ಡೆಕ್ಸಾ ಹಾಕ್ಲಿಕ್ಕೆ ಜಾಗ ಇಲ್ಲ, ತೊಡೆಮೂಳೆ ಕುತ್ತಿಗೆಯದ್ದು ಮಾತ್ರ, ಆದ್ರೆ ಸ್ಟೆರಾಯ್ಡ್ ಮೊದಲು ತಿನ್ನೋದು ಬೆನ್ನುಮೂಳೆಯ ಸ್ಪಂಜಿನಂಥ ಒಳಭಾಗವನ್ನ. ಕರುಳು ಸರಿ ಹೀರಿಕೊಳ್ಳದ ಕಾಯಿಲೆಗೆ ಒಂದು ಟಿಕ್ ಉಂಟು, ಆದ್ರೆ ಡೆಕ್ಸಾ ನಂಬರ್ ಹಾಕಿದ ಕೂಡಲೇ ಆ ಟಿಕ್‌ಗೆ ಬೆಲೆ ಹೋಗ್ತದೆ.

ಹಾಗಾಗಿ ನಾನೂ ಅತ್ತಿಗೆಯೂ ಕೂತು ಬೇರೆ ಲೆಕ್ಕ ಹಾಕಿದೆವು. ಅತ್ತಿಗೆ ಮೆಡಿಕಲ್ ಬಿಲ್ಲು, ಖಾಲಿ ಸ್ಟ್ರಿಪ್ಪು ಎಲ್ಲ ಒಂದು ಬಿಸ್ಕತ್ ಡಬ್ಬದಲ್ಲಿ ಇಟ್ಟಿದ್ರು, ಆ ಡಬ್ಬ ಇಲ್ಲದಿದ್ರೆ ಈ ಕೇಸಿನ ಅರ್ಧ ನನಗೆ ಗೊತ್ತೇ ಆಗ್ತಿರಲಿಲ್ಲ. ಒಂದು ಕೋರ್ಸ್ ಅಂದ್ರೆ 40 ಎಂಜಿ 14 ದಿನಕ್ಕೆ 560, ಆಮೇಲೆ 35ರಿಂದ 5ರ ತನಕ ವಾರ ವಾರ ಇಳಿಸಿದ್ದು 980, ಒಟ್ಟು 1540 ಎಂಜಿ. ಮೂರು ಕೋರ್ಸಿಗೆ 4620. ತಾವೇ ತಗೊಂಡ 10 ಎಂಜಿ ಸುಮಾರು 90 ದಿನ, 900. ಒಂದು ವರ್ಷದಲ್ಲಿ 5520 ಎಂಜಿ, ಐದೂವರೆ ಗ್ರಾಂ. ಅಮೇರಿಕದ ರುಮಟಾಲಜಿ ಕಾಲೇಜ್ ಅನ್ನುವ ಸಂಧಿವಾತ ತಜ್ಞರ ಸಂಘದ 2022ರ ಮಾರ್ಗಸೂಚಿಯಲ್ಲಿ ವರ್ಷಕ್ಕೆ 5 ಗ್ರಾಂ ಅಥವಾ ಮೇಲೆ ಹೋದ್ರೆ ಅದೊಂದೇ ಸಾಕು ಅತಿ ಹೆಚ್ಚು ರಿಸ್ಕ್ ಅಂತ ಹಾಕ್ಲಿಕ್ಕೆ, ಮೊದಲೇ ದುರ್ಬಲ ಮೂಳೆಯ ಮುರಿತ ಆಗಿದ್ರೂ ಸಾಕು. ಅಣ್ಣನಿಗೆ ಎರಡೂ ಇತ್ತು. ಕಾಗದದ ಮೇಲೆ ಆ ಮೊತ್ತ ನೋಡಿ ಅತ್ತಿಗೆ ತುಂಬ ಹೊತ್ತು ಮಾತಾಡಲಿಲ್ಲ.

ಸ್ಟೆರಾಯ್ಡ್ ಮೂಳೆಗೆ ಮಾಡುವ ಹಾನಿ ನಿಧಾನದ್ದು ಅಂತ ತುಂಬ ಜನ ತಿಳ್ಕೊಂಡಿದ್ದಾರೆ, ಮೊದಲ ಮೂರರಿಂದ ಆರು ತಿಂಗಳಲ್ಲೇ ಅದು ಅತಿ ವೇಗ. ಮೂಳೆ ಕಟ್ಟುವ ಕಣಗಳನ್ನ ಸಾಯಿಸ್ತದೆ, ಕರುಳಿಂದ ಕ್ಯಾಲ್ಸಿಯಂ ಹೀರೋದನ್ನ ಕಮ್ಮಿ ಮಾಡ್ತದೆ, ಮೂತ್ರದಲ್ಲಿ ಹೊರಗೆ ಹಾಕ್ತದೆ, ಗಂಡಸರ ಟೆಸ್ಟೋಸ್ಟಿರಾನ್ ಇಳಿಸ್ತದೆ, ತೊಡೆಯ ಸ್ನಾಯು ಕರಗಿಸಿ ಬೀಳುವ ಹಾಗೆ ಮಾಡ್ತದೆ. ಮತ್ತೆ ಡೆಕ್ಸಾದಲ್ಲಿ ಸಾಂದ್ರತೆ ಇಳಿದದ್ದು ಕಾಣುವ ಮುಂಚೆಯೇ ಮುರಿತದ ರಿಸ್ಕ್ ಏರ್ತದೆ. ಇನ್ನು ಸ್ಟೆರಾಯ್ಡ್ ಇಲ್ಲದಿದ್ರೂ ಕರುಳಿನ ಉರಿಯೂತವೇ ಮೂಳೆಗೆ ಶತ್ರು, ಟಿಎನ್‌ಎಫ್, ಇಂಟರ್‌ಲ್ಯೂಕಿನ್ 6 ಅನ್ನುವ ರಾಸಾಯನಿಕಗಳು ರಕ್ತದಲ್ಲಿ ತಿರುಗಿ ಮೂಳೆ ಕೊರೆಯುವ ಕಣಗಳನ್ನ ಹುರಿದುಂಬಿಸ್ತಾವೆ. ಕೆನಡಾದ ಮ್ಯಾನಿಟೋಬಾದಲ್ಲಿ ಮಾಡಿ 2000ದಲ್ಲಿ ಬಂದ ದೊಡ್ಡ ಅಧ್ಯಯನ ಪ್ರಕಾರ ಈ ಕಾಯಿಲೆ ಇರುವವರಲ್ಲಿ ಮೂಳೆ ಮುರಿತ ಸಾಮಾನ್ಯ ಜನರಿಗಿಂತ ಶೇಕಡ 40ರಷ್ಟು ಜಾಸ್ತಿ. ಅಂದ ಮಾತ್ರಕ್ಕೆ ಎಲ್ಲರ ಮೂಳೆ ಮುರೀತದೆ ಅಂತ ಹೆದರಬೇಡಿ, ವರ್ಷಕ್ಕೆ ನೂರರಲ್ಲಿ ಒಬ್ಬರ ಆಸುಪಾಸು. ಆ ಒಬ್ಬರು ಯಾರು ಅಂತ ಮೊದಲೇ ಹುಡುಕೋದು ನಮ್ಮ ಕೆಲಸ.

ರಕ್ತದ ರಿಪೋರ್ಟ್ ಬಂದಾಗ ವಿಷಯಕ್ಕೆ ಇನ್ನೊಂದು ತಿರುವು ಸಿಕ್ಕಿತು. ಕ್ಯಾಲ್ಸಿಯಂ 8.1 ಅಂತ ಕೆಂಪಲ್ಲಿ ಬಂದಿತ್ತು, ಆದ್ರೆ ರಕ್ತದ ಪ್ರೊಟೀನ್ ಅಲ್ಬುಮಿನ್ ಕಮ್ಮಿ, 2.9 ಇದ್ದದ್ದರಿಂದ ಸರಿಪಡಿಸಿ ಲೆಕ್ಕ ಹಾಕಿದ್ರೆ 9ರ ಹತ್ರ, ಅದು ತೊಂದರೆ ಇಲ್ಲ. ವಿಟಮಿನ್ ಡಿ 8, ತುಂಬ ಕಮ್ಮಿ. ಮೂಳೆಯಿಂದ ಕ್ಯಾಲ್ಸಿಯಂ ಎಳೆಯುವ ಪ್ಯಾರಾಥೈರಾಯ್ಡ್ ಹಾರ್ಮೋನ್ 112, ಜಾಸ್ತಿ. ಆಲ್ಕಲೈನ್ ಫಾಸ್ಫಟೇಸ್ 188, ಅದೂ ಜಾಸ್ತಿ. ಫಾಸ್ಫರಸ್ 2.0, ಕಮ್ಮಿ. ಇದು ಬರೀ ಆಸ್ಟಿಯೋಪೊರೋಸಿಸ್ ಅಲ್ಲ, ಜೊತೆಗೆ ಮೂಳೆ ಮೆತ್ತಗಾಗುವ ಆಸ್ಟಿಯೋಮಲೇಶಿಯಾ ಕೂಡ ಉಂಟು ಅಂತ ಅನುಮಾನ ಬಂತು. ಮನೆ ಹೋಲಿಕೆ ಕೊಟ್ಟು ಹೇಳಿದೆ ಅವರಿಗೆ, ಒಂದ್ರಲ್ಲಿ ಗೋಡೆಯ ಕಲ್ಲೇ ಕಮ್ಮಿ, ಇನ್ನೊಂದ್ರಲ್ಲಿ ಕಲ್ಲು ಉಂಟು ಗಾರೆ ಒಣಗಿಲ್ಲ, ಡೆಕ್ಸಾಕ್ಕೆ ಎರಡೂ ಒಂದೇ ತರ ಕಾಣ್ತದೆ. ಫಾಸ್ಫರಸ್ ಯಾಕೆ ಇಷ್ಟು ಕಮ್ಮಿ ಅಂತ ಹಳೇ ಪೇಪರ್ ಹುಡುಕಿದೆ, 2023ರಲ್ಲಿ ರಕ್ತ ಕಮ್ಮಿ ಅಂತ ಎರಡು ಸಲ ಕಬ್ಬಿಣದ ಡ್ರಿಪ್ ಹಾಕಿದ್ರು, ಫೆರಿಕ್ ಕಾರ್ಬಾಕ್ಸಿಮಾಲ್ಟೋಸ್. ಒಳ್ಳೇ ಔಷಧವೇ, ಆದ್ರೆ ಕೆಲವರಲ್ಲಿ ಕಿಡ್ನಿ ಮೂಲಕ ಫಾಸ್ಫರಸ್ ಹೊರಗೆ ಹರಿಯುವ ಹಾಗೆ ಮಾಡ್ತದೆ, ಪದೇ ಪದೇ ಕೊಟ್ರೆ ಮೂಳೆ ಮೆತ್ತಗಾಗ್ತದೆ. ಕರುಳಿನ ಕಾಯಿಲೆಯವರಿಗೆ ಈ ಡ್ರಿಪ್ ತುಂಬ ಸಲ ಬೀಳ್ತದೆ, ಫಾಸ್ಫರಸ್ ನೋಡುವ ಅಭ್ಯಾಸ ನಮ್ಮಲ್ಲಿ ಕಮ್ಮಿ. ಬೆಳಗಿನ ಟೆಸ್ಟೋಸ್ಟಿರಾನ್ 210, ಅದೂ ಕಮ್ಮಿ.

ಇದ್ರಿಂದ ಚಿಕಿತ್ಸೆಯ ಕ್ರಮವೇ ಬದಲಾಯ್ತು. ಮುರಿತ ನೋಡಿದ ಕೂಡಲೇ ಮೂಳೆ ಸವೆಯೋದನ್ನ ತಡೆಯುವ ಝೋಲೆಡ್ರೋನಿಕ್ ಆಸಿಡ್ ಡ್ರಿಪ್ ಹಾಕುವ ಅವಸರ ಬರ್ತದೆ, ವಿಟಮಿನ್ ಡಿ 8 ಇರುವವರಿಗೆ ಹಾಕಿದ್ರೆ ರಕ್ತದ ಕ್ಯಾಲ್ಸಿಯಂ ಧಡಕ್ಕನೆ ಕುಸಿದು ಕೈಕಾಲು ಸೆಟೆದು ಆಸ್ಪತ್ರೆ ಸೇರಬೇಕಾಗಬಹುದು. ಮೊದಲು ಗಾರೆ, ಆಮೇಲೆ ಕಲ್ಲು. ವಿಟಮಿನ್ ಡಿ 60,000 ಯೂನಿಟ್ ವಾರಕ್ಕೊಂದು ಸ್ಯಾಶೆ, ಕ್ಯಾಲೆಂಡರಲ್ಲಿ ಭಾನುವಾರಕ್ಕೆ ಗುರುತು ಹಾಕಿಸಿದೆ, ಯಾಕಂದ್ರೆ ಇದನ್ನ ದಿನಾ ತಗೊಂಡು ವಿಷ ಏರಿಸಿಕೊಂಡವರನ್ನ ನೋಡಿದ್ದೇನೆ. ಎಂಟು ವಾರದ ನಂತರ ಸಾಮಾನ್ಯವಾಗಿ ಸರಿ ಆಗ್ತದೆ, ಇವರದ್ದು 17ಕ್ಕೇ ನಿಂತಿತು, ಕತ್ತರಿಸಿದ ಇಲಿಯಮ್ ನೆನಪಿರಲಿ. ಮುಂದುವರಿಸಿದೆವು, ಹದಿನಾಲ್ಕನೇ ವಾರಕ್ಕೆ 33. ಪ್ಯಾರಾಥೈರಾಯ್ಡ್ 58ಕ್ಕೆ ಇಳೀತು, ಫಾಸ್ಫರಸ್ 3.1.

ಊಟದ ಕ್ಯಾಲ್ಸಿಯಂ ಲೆಕ್ಕ ಹಾಕಿದ್ರೆ ದಿನಕ್ಕೆ 300 ಎಂಜಿಯೂ ದಾಟ್ತಿರಲಿಲ್ಲ, ಬೇಕಾದದ್ದು 1000. 2017ರಲ್ಲಿ ಯಾರೋ ಹಾಲು ಮುಟ್ಟಬೇಡಿ ಅಂದಿದ್ರು, ಏಳು ವರ್ಷ ಮೊಸರೂ ಮಜ್ಜಿಗೆಯೂ ಬಿಟ್ಟಿದ್ರು. ಹಾಲಿನ ಸಕ್ಕರೆ ಆಗದವರಿಗೂ ಮೊಸರು ಹೆಚ್ಚಾಗಿ ಆಗ್ತದೆ, ಅರ್ಧ ಬಟ್ಟಲಿಂದ ಶುರು ಮಾಡಿದೆವು, ತೊಂದರೆ ಆಗಲಿಲ್ಲ. ಅತ್ತಿಗೆ ರಾಗಿ ಮಣ್ಣಿ ಮಾಡ್ತೇನೆ ಅಂದ್ರು, ರುಬ್ಬಿ ಬಟ್ಟೆಯಲ್ಲಿ ಸೋಸಿದ ರಾಗಿ ಹಾಲು ಸಪೂರ ಕರುಳಿಗೂ ಹಿತ. ರಾಗಿಯಲ್ಲಿ 100 ಗ್ರಾಂಗೆ 350 ಎಂಜಿ ಹತ್ರ ಕ್ಯಾಲ್ಸಿಯಂ, ಅದ್ರಲ್ಲಿ ಒಳ್ಳೇ ಪಾಲು ಸಿಪ್ಪೆಯಲ್ಲಿ ಉಳಿದು ಬಟ್ಟೆಯಲ್ಲೇ ಹೋಗ್ತದೆ ಅನ್ನೋದು ನಿಜ, ಆದ್ರೂ ಎಂಟು ಕೆಜಿ ಕಳ್ಕೊಂಡ ಮನುಷ್ಯ ಇಷ್ಟಪಟ್ಟು ತಿನ್ನುವ ವಸ್ತು ಅದು, ನಾನು ಬೇಡ ಅನ್ಲಿಲ್ಲ. ಬೂತಾಯಿ ಮೀನಿನ ಸಾರು ಇರಲಿ ಅಂದೆ. ಉಳಿದದ್ದಕ್ಕೆ ಕ್ಯಾಲ್ಸಿಯಂ ಸಿಟ್ರೇಟ್ ಗುಳಿಗೆ, ಊಟದ ಜೊತೆಗೇ, ಕಬ್ಬಿಣದ ಗುಳಿಗೆಯಿಂದ ದೂರ. ಸಿಟ್ರೇಟ್ ಯಾಕೆ ಅಂದ್ರೆ ವರ್ಷಗಟ್ಟಲೆ ಗ್ಯಾಸ್ ಗುಳಿಗೆ ನುಂಗ್ತಿದ್ರು, ಹೊಟ್ಟೆಯಲ್ಲಿ ಆಸಿಡ್ ಇಲ್ಲದಿದ್ರೆ ಕಾರ್ಬೊನೇಟ್ ಸರಿ ಕರಗೋದಿಲ್ಲ. ಆ ಗ್ಯಾಸ್ ಗುಳಿಗೆಗೂ ಕಾರಣ ಇರಲಿಲ್ಲ, ಬಿಡಿಸಿದೆವು.

ಆದ್ರೆ ಇಷ್ಟೆಲ್ಲ ಮಾಡಿ ಕ್ರೋನ್ಸ್ ಹಾಗೇ ಉರೀತಾ ಇದ್ರೆ ಏನೂ ಪ್ರಯೋಜನ ಇಲ್ಲ. ಮೂಳೆಯ ಮೊದಲ ಔಷಧ ಕರುಳು ತಣ್ಣಗಾಗೋದು, ಸ್ಟೆರಾಯ್ಡ್ ಬೇಡ ಅನ್ನುವ ಹಾಗೆ ತಣ್ಣಗಾಗೋದು. ಗ್ಯಾಸ್ಟ್ರೋ ಡಾಕ್ಟ್ರ ಜೊತೆ ಕೂತು ಮಾತಾಡಿದೆವು, ಟಿಬಿಯ ರಕ್ತ ಪರೀಕ್ಷೆ, ಎದೆಯ ಎಕ್ಸ್‌ರೇ ಆಗಿ ಮಾರ್ಚ್‌ನಲ್ಲಿ ಅಡಾಲಿಮುಮಾಬ್ ಶುರು, ಎರಡು ವಾರಕ್ಕೊಂದು ಇಂಜೆಕ್ಷನ್, ಅಣ್ಣನೇ ಹೊಟ್ಟೆಗೆ ಚುಚ್ಚಿಕೊಳ್ಳೋದು ಕಲಿತ್ರು. ಮಧ್ಯೆ ಬೇಕಾದ್ರೆ ಪ್ರೆಡ್ನಿಸೊಲೋನ್ ಬದಲು ಬ್ಯುಡೆಸೊನೈಡ್, ಅದು ಕರುಳಲ್ಲೇ ಕೆಲಸ ಮುಗಿಸಿ ಲಿವರ್‌ನಲ್ಲಿ ಹೆಚ್ಚಿನದ್ದು ನಾಶ ಆಗ್ತದೆ, ಮೂಳೆಗೆ ಪೆಟ್ಟು ಕಮ್ಮಿ.

ಮೂಳೆ ಔಷಧದ ವಿಷಯದಲ್ಲಿ ನಮ್ಮ ನಡುವೆ ಚರ್ಚೆ ಆಯ್ತು. ಮೂರು ಮುರಿತ ಇರುವವರಿಗೆ ಮಾರ್ಗಸೂಚಿ ವಾಲೋದು ಟೆರಿಪ್ಯಾರಟೈಡ್ ಕಡೆ, ಹೊಸ ಮೂಳೆ ಕಟ್ಟುವ ಇಂಜೆಕ್ಷನ್, ದಿನಾ ಒಂದು, ಎರಡು ವರ್ಷದ ತನಕ. ಅಣ್ಣನ ಕೈಯಲ್ಲಿ ಅಡಾಲಿಮುಮಾಬ್‌ನ ಖರ್ಚು ಜೊತೆಗೆ ಇದು ಸಾಧ್ಯ ಇರಲಿಲ್ಲ, ಎರಡರಲ್ಲಿ ಒಂದು. ನಾನು ಕರುಳನ್ನ ಆರಿಸಿದೆ, ಅದು ಸರಿ ಅಂತ ಈಗಲೂ ಅನಿಸ್ತದೆ, ಬೇರೆ ಡಾಕ್ಟ್ರಿಗೆ ಬೇರೆ ಅನಿಸಬಹುದು. ವಾರಕ್ಕೊಂದು ನುಂಗುವ ಅಲೆಂಡ್ರೊನೇಟ್ ಗುಳಿಗೆ ಖಾಲಿ ಹೊಟ್ಟೆಗೆ ತಗೊಂಡು ಅರ್ಧ ಗಂಟೆ ಏನೂ ತಿನ್ನದೆ ನೆಟ್ಟಗೆ ಇರಬೇಕು, ಕ್ರೋನ್ಸ್‌ನಲ್ಲಿ ಎಷ್ಟು ಹೀರಿಕೊಳ್ತದೆ ಅನ್ನುವ ಭರವಸೆಯೂ ಇಲ್ಲ. ಹಾಗಾಗಿ ಹಲ್ಲು ತೋರಿಸಿ (ಈ ಡ್ರಿಪ್ ಆದ ಮೇಲೆ ಹಲ್ಲು ಕಿತ್ರೆ ಅಪರೂಪಕ್ಕೆ ದವಡೆ ಮೂಳೆ ಮಾಗದೆ ಉಳೀತದೆ), ಕಿಡ್ನಿಗೆ ಕ್ರಿಯಾಟಿನಿನ್ ನೋಡಿ, 2024ರ ಜೂನ್‌ನಲ್ಲಿ ಝೋಲೆಡ್ರೋನಿಕ್ ಆಸಿಡ್ 5 ಎಂಜಿ ಡ್ರಿಪ್. ಮಾರನೇ ದಿನ ಜ್ವರ ಮೈಕೈ ನೋವು ಬರಬಹುದು ಅಂತ ಮೊದಲೇ ಹೇಳಿದ್ದೆ, ಬಂತು, ಪ್ಯಾರಸಿಟಮಾಲಲ್ಲಿ ಎರಡು ದಿನದಲ್ಲಿ ಹೋಯ್ತು. ಹೇಳದಿದ್ರೆ ಅವರು ಎರಡನೇ ಡ್ರಿಪ್‌ಗೆ ಬರ್ತಿರಲಿಲ್ಲ.

ಹೋಟೆಲಿನ ಅಡುಗೆಮನೆಗೂ ಒಂದು ದಿನ ಹೋದೆ. ಟೈಲ್ಸ್ ಮೇಲೆ ನೀರು, ಎಣ್ಣೆ, ಅಣ್ಣನ ಕಾಲಲ್ಲಿ ಸವೆದ ಹವಾಯಿ ಚಪ್ಪಲಿ. ರಬ್ಬರ್ ಮ್ಯಾಟ್ ಹಾಕಿಸಿ, ಹಿಡಿತ ಇರುವ ಬೂಟು ತೆಗೆಸಿದೆವು. ಹಿಟ್ಟಿನ ದೊಡ್ಡ ಟೋಪಿನ ಬದಲು ನಾಲ್ಕು ಸಣ್ಣದ್ದು, ಅದನ್ನೂ ಹುಡುಗರು ಎತ್ತೋದು. ಫಿಸಿಯೋ ಹೇಳಿಕೊಟ್ಟದ್ದು ಬೆನ್ನು ಹಿಂದಕ್ಕೆ ಎಳೆಯುವ ವ್ಯಾಯಾಮ, ಮುಂದಕ್ಕೆ ಬಗ್ಗಿ ಕಾಲು ಮುಟ್ಟೋದು ಬೇಡವೇ ಬೇಡ.

2025ರ ಜೂನ್‌ನಲ್ಲಿ ಎರಡನೇ ಡ್ರಿಪ್ ಮುಂಚೆ ಅದೇ ಸೆಂಟರ್, ಅದೇ ಮೆಷಿನ್‌ನಲ್ಲಿ ಡೆಕ್ಸಾ, ಬೇರೆ ಮೆಷಿನ್ ಆದ್ರೆ ಹೋಲಿಕೆಗೆ ಅರ್ಥ ಇಲ್ಲ. ಎಲ್2ರಿಂದ ಎಲ್4 ಸಾಂದ್ರತೆ 0.742 ಇದ್ದದ್ದು 0.790. ಹೊಸ ಕುಸಿತ ಇಲ್ಲ. ತೂಕ 51ರಿಂದ 58. ಟೆಸ್ಟೋಸ್ಟಿರಾನ್ ಏನೂ ಕೊಡದೇ 390ಕ್ಕೆ ಬಂತು, ಕಾಯಿಲೆ ತಗ್ಗಿ ಸ್ಟೆರಾಯ್ಡ್ ನಿಂತಿದ್ದಕ್ಕೆ. ಹದಿನಾರು ತಿಂಗಳಲ್ಲಿ ಒಂದೂ ಪ್ರೆಡ್ನಿಸೊಲೋನ್ ಗುಳಿಗೆ ಇಲ್ಲ, ಬಿಸ್ಕತ್ ಡಬ್ಬ ಅತ್ತಿಗೆ ಈಗಲೂ ತರ್ತಾರೆ, ನಾನು ತೆರೆದು ನೋಡ್ತೇನೆ. ಎತ್ತರ 168, ಹೋದ ನಾಲ್ಕು ಸೆಂಟಿಮೀಟರ್ ಹೋದದ್ದೇ. ಉದ್ದ ಆದ ಪ್ಯಾಂಟುಗಳನ್ನ ಅತ್ತಿಗೆ ಮಡಚಿ ಹೊಲಿದಿದ್ದಾರೆ.

ಮುಂದಿನ ಡ್ರಿಪ್ 2026ರ ಜೂನ್‌ಗೆ. ಹಿಂದಿನ ದವಡೆಯಲ್ಲಿ ಒಂದು ಹಲ್ಲು ಅಲ್ಲಾಡ್ತಾ ಉಂಟು, ತೆಗೀಬೇಕು ಅಂತ ಹಲ್ಲಿನ ಡಾಕ್ಟ್ರು ಹೇಳಿದ್ದಾರೆ. ಅದನ್ನ ಈಗಲೇ ತೆಗೆಸಿ, ಆ ಗಾಯ ಪೂರ್ತಿ ಮಾಗಿದ ಮೇಲೇ ಡ್ರಿಪ್‌ಗೆ ಬನ್ನಿ ಅಣ್ಣ ಅಂದಿದ್ದೇನೆ.